ತೆಳು ಪರದೆ

ಮಾರ್ಚ್ 4, ಬೆಳಿಗ್ಗೆ

ಗಾಜಿಗೆ ಅಂಟಿಸಿದ ಪೇಪರಿನ ಒಂದು ಮೂಲೆ ಬಿಸಿಲಿಗೆ ಸುರುಳಿ ಸುತ್ತಿ ಮೇಲೆದ್ದಿದೆ. ಅಲ್ಲಿಂದ ಒಂದು ಬೆರಳಗಲ ರಸ್ತೆ ಕಾಣುತ್ತದೆ. ಅಂದರೆ ರಸ್ತೆಗೂ ಬೆರಳಗಲ ನಾನು ಕಾಣುತ್ತೇನೆ. ಅಂಟು ಹಚ್ಚಿದೆ. ಮತ್ತೆ ಎದ್ದಿತು.

ಬಾಲ್ಕನಿಗೆ ಗಾಜು ಹಾಕಿಸಿ ರೂಮು ಎಂದು ಕರೆದ ಮಾತ್ರಕ್ಕೆ ಅದು ರೂಮಾಗುವುದಿಲ್ಲ. ಮೂರು ಕಡೆ ಗಾಜು, ಒಂದು ಕಡೆ ಹಾಲ್. ಅಕ್ವೇರಿಯಂ. ಮೀನಿಗಾದರೂ ಅಡಗಿಕೊಳ್ಳಲು ಒಂದು ಗಿಡ ಇಟ್ಟಿರುತ್ತಾರೆ.

ನನ್ನ ರೂಮು ಹಾಲಿನ ಗೋಡೆಯ ಆಚೆಗೇ ಇದೆ. ಈಗ ಅದು ಅಣ್ಣ-ಅತ್ತಿಗೆಯದು. ಮದುವೆಯಾದ ಮೇಲೆ ಅವರು ಕಿಟಕಿಯಿಲ್ಲದ ಒಳಕೋಣೆಯಲ್ಲಿದ್ದರು. ಜನವರಿಯಲ್ಲಿ ಒಂದು ದಿನ ಅಣ್ಣ ಬಂದು, ದನಿ ತಗ್ಗಿಸಿ — “ನಿಮ್ಮತ್ತಿಗೆಗೆ ಒಳಗಡೆ ಉಸಿರು ಕಟ್ಟುತ್ತಂತೆ ಕಣೇ. ನಿನ್ನ ರೂಮೇ ಬೇಕಂತೆ. ನಾನು ಬೇಡ ಅಂದೆ. ಕೇಳಬೇಕಲ್ಲ ಅವಳು.”

ಬಿಟ್ಟುಕೊಟ್ಟೆ. ಇಲ್ಲ ಅನ್ನಲು ನನಗೆ ಯಾವತ್ತೂ ಬಾಯಿ ಬಂದಿಲ್ಲ. ಒಳಕೋಣೆ ಅಣ್ಣನ ‘ಆಫೀಸ್’ ಆಯಿತು. ನನ್ನ ಮೇಜು, ಕನ್ನಡಿ ಆ ರೂಮಿನಲ್ಲೇ ಉಳಿದವು — ಬಾಲ್ಕನಿಯಲ್ಲಿ ಹಿಡಿಯಲಿಲ್ಲ. ಪುಸ್ತಕಗಳು ರಟ್ಟಿನ ಪೆಟ್ಟಿಗೆಯಲ್ಲಿ. ಮೇ ತಿಂಗಳಲ್ಲಿ ಲೆಕ್ಚರರ್ ಪರೀಕ್ಷೆ. ಯಾವ ಪೆಟ್ಟಿಗೆಯಲ್ಲಿ ಯಾವ ಪುಸ್ತಕವೋ.

ಮೊದಲು ಇಲ್ಲಿ ಒಂದು ಹಳೆಯ ನೆಟ್ ಪರದೆ ಕಟ್ಟಿಕೊಂಡಿದ್ದೆ. ಹಗಲು ಹೊರಗೆ ಹೋಗಿ ನೋಡಿದ್ದೆ, ಏನೂ ಕಾಣುತ್ತಿರಲಿಲ್ಲ. ನಿಶ್ಚಿಂತೆ ಅಂದುಕೊಂಡೆ. ಆಮೇಲೆ ಒಂದು ದಿನ ಎದುರುಮನೆಯಲ್ಲಿರುವ, ನಿವಾಸಿಗಳ ಸಂಘದ ಅಧ್ಯಕ್ಷರ ಹೆಂಡತಿ ಗೇಟಿನಲ್ಲಿ ನಿಲ್ಲಿಸಿ ಕೇಳಿದರು: “ನಿನ್ನೆ ಸಂಜೆ ಓದ್ತಾ ಅಳ್ತಿದ್ಯಲ್ಲಮ್ಮ, ಯಾವ ಪುಸ್ತಕ ಅದು? ಇವರೂ ನೋಡಿ ಪಾಪ ಅಂದ್ರು.”

ಒಳಗೆ ದೀಪ ಹಾಕಿದರೆ ತೆಳು ಬಟ್ಟೆ ಇದ್ದೂ ಇಲ್ಲದ ಹಾಗೆ. ಆವತ್ತೇ ಗೊತ್ತಾದದ್ದು. ಆವತ್ತಿನಿಂದಲೇ ಪೇಪರು.

ಮಾರ್ಚ್ 6

ಊಟದ ಹೊತ್ತಿಗೆ ಅತ್ತಿಗೆ: “ಕವಿಗಳೇ, ಶನಿವಾರ ಬಿಡುವಿದ್ಯಾ? ರೂಮಿಗೆ ಕರ್ಟನ್ ಆರಿಸಬೇಕು. ನನ್ನನ್ನ ಒಬ್ಬಳೇ ಬಿಟ್ರೆ ಮನೆ ಸರ್ಕಸ್ ಡೇರೆ ಥರ ಆಗುತ್ತೆ.”

ಕವಿಗಳೇ! ರೂಮು ಕಿತ್ತುಕೊಂಡು, ಮೇಲೆ ಬಿರುದು ಬೇರೆ. ತಟ್ಟೆ ನೋಡುತ್ತಾ ಹೂಂ ಅಂದೆ.

ಅತ್ತಿಗೆ ನೀರು ತರಲು ಎದ್ದಾಗ ಅಮ್ಮ ಮೆಲ್ಲಗೆ, “ಬಾಲ್ಕನಿಗೂ ಒಂದು ಹಾಕಿಸೋ, ಬೆಳೆದ ಹುಡುಗಿ” ಅಂದಳು. ಅಣ್ಣ ನಕ್ಕ. “ಅಲ್ಲಿ ಮುಚ್ಚೋಕೆ ಏನಮ್ಮ ಇದೆ, ಪುಸ್ತಕ ತಾನೆ? ಸದ್ಯಕ್ಕೆ ರೂಮಿಗೆ ಮಾತ್ರ ಅಂತ ನಿನ್ನ ಸೊಸೆಯೇ ಹೇಳಿದಾಳೆ.”

ಆಮೇಲೆ ಅಮ್ಮನ ಮುಖ ಅರಳಿಸಲು ಎದುರುಮನೆ ಅಧ್ಯಕ್ಷರ ನಕಲು ಮಾಡಿದ. ಎಡಗಾಲು ಎಳೆದು ನಡೆದು, ಕೆಮ್ಮಿ, ಬೆರಳೆತ್ತಿ: “ವಿಷಯ ಏನಂದ್ರೆ...” ಅಮ್ಮನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಇದೇ ಅಣ್ಣ ಬೆಳಿಗ್ಗೆ ಅವರ ಗೇಟಿನಲ್ಲಿ, “ನೀವು ಹೇಳಿದ ಮೇಲೆ ಮುಗೀತು ಸರ್” ಅಂತ ಸೊಂಟ ಬಗ್ಗಿಸಿ ನಿಂತಿದ್ದ. ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ ಆಗಬೇಕಂತೆ. ಮೂವತ್ತನೇ ತಾರೀಕು ಸಭೆ. ಅಧ್ಯಕ್ಷರು ಯಾರ ಹೆಸರು ಹೇಳುತ್ತಾರೋ ಅವರೇ.

ಮಾರ್ಚ್ 8, ಸಂಜೆ

ಬರೆಯುವಾಗಲೂ ನಗು ಬರುತ್ತಿದೆ. ಖುಷಿಗೆ.

ಅಂಗಡಿಯ ಹೆಂಗಸು ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಥಾನಿನ ಮೇಲೆ ಥಾನು ಬಿಚ್ಚಿದಳು. ಅತ್ತಿಗೆ ಒಂದು ದಪ್ಪ ಬಟ್ಟೆಗೆ ಮನಸೋತಳು. ಸಾಸಿವೆ ಬಣ್ಣ, ಕಂಬಳಿಯಷ್ಟು ತೂಕ.

“ಇದು ಹೇಗಿದೆ ಕಣೇ?”

“ಚೆನ್ನಾಗಿದೆ. ಸ್ವಲ್ಪ ಆಸ್ಪತ್ರೆ ಥರ.”

ಅತ್ತಿಗೆ ಅದನ್ನು ಬಿಸಿ ಪಾತ್ರೆಯಂತೆ ಕೆಳಗಿಟ್ಟಳು.

ಆಮೇಲೆ ನಾನೇ ಒಂದು ತೆಳು ಬಟ್ಟೆ ಎತ್ತಿದೆ. ಹಾಲಿನ ಕೆನೆಯ ಬಣ್ಣ, ಅಂಚಿನಲ್ಲಿ ಸಣ್ಣ ಎಲೆಗಳ ಕಸೂತಿ. ಅಂಗಡಿಯ ಬಾಗಿಲಿಗೆ ಹಿಡಿದೆ. ನಿಜಕ್ಕೂ ಸುಂದರ. “ಅತ್ತಿಗೆ, ಬೆಳಗಿನ ಬಿಸಿಲು ಇದರಲ್ಲಿ ಸೋಸಿಕೊಂಡು ಬರುತ್ತೆ. ಗೋಡೆ ಮೇಲೆ ಎಲೆ ನೆರಳು ಬೀಳುತ್ತೆ. ಎದ್ದ ತಕ್ಷಣ ಅದನ್ನೇ ನೋಡಬಹುದು.” ಇಷ್ಟು ಮಾತು ನಾನು ಈ ಮನೆಯಲ್ಲಿ ಆಡಿಯೇ ಇರಲಿಲ್ಲ. ಎಂ.ಎ. ಕೊನೆಗೂ ಉಪಯೋಗಕ್ಕೆ ಬಂತು.

ಅತ್ತಿಗೆಯ ಕಣ್ಣು ಹೊಳೆಯಿತು. “ನಿನ್ನನ್ನ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು.”

ಅವಳು ರಾಡ್ ನೋಡಲು ಆಚೆ ಹೋದಾಗ ಅಂಗಡಿಯವಳು ಕೇಳಿದಳು, “ಕಿಟಕಿ ರಸ್ತೆ ಕಡೆಗಾ? ಹಿಂದೆ ದಪ್ಪ ಬಟ್ಟೆ ಲೈನಿಂಗ್ ಹಾಕ್ಲಾ? ಇಲ್ಲಾಂದ್ರೆ ಸಂಜೆ ಮೇಲೆ ಬೀದಿಗೆಲ್ಲ ಬಿಟ್ಟಿ ಸಿನಿಮಾ.”

“ಬೇಡ” ಅಂದೆ. “ಎದುರಿಗೆ ಯಾರೂ ಇಲ್ಲ.”

ಮೆತ್ತನೆ ದನಿಯಲ್ಲಿ ಆಡಿದ ಸುಳ್ಳನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಹುಡುಗಿ ಅನ್ನುತ್ತಾರಲ್ಲ ನನ್ನನ್ನು. ಇಟ್ಟು ನೋಡಲಿ.

ಅವಳೂ ಒಂದು ದಿನ ಗೇಟಿನಲ್ಲಿ ನಿಂತು ಕೇಳಿಸಿಕೊಳ್ಳಲಿ — ‘ನಿನ್ನೆ ಸಂಜೆ ನೋಡಿದೆವಲ್ಲಮ್ಮ’ ಅಂತ.

ಮಾರ್ಚ್ 15

ಪರದೆ ಬಂತು. ನಡುವೆ ತೆರೆಯುವ ಹಾಗೆ ಎರಡು ಭಾಗ. ಎಡಗಡೆಯದರ ಹಿಂದೆ ಮಂಚ. ಬಲಗಡೆಯದರ ಹಿಂದೆ ನನ್ನ ಮೇಜು, ನನ್ನ ಕನ್ನಡಿ.

ಎಲ್ಲರಿಗೂ ಇಷ್ಟ. ಅಣ್ಣ ಕೂಡ: “ಪರವಾಗಿಲ್ಲ, ನಮ್ಮ ಇಲಿಗೂ ಟೇಸ್ಟ್ ಇದೆ.” ಇಲಿ — ಚಿಕ್ಕಂದಿನಿಂದ ಅವನು ಇಟ್ಟ ಹೆಸರು. ಕಾಗದ ತಿನ್ನುವುದರಿಂದ.

ಮಾರ್ಚ್ 16

ಬಿತ್ತಿದ್ದನ್ನು ಕೊಯ್ಯಲು ಹೋದೆ. ಕತ್ತಲಾಗುತ್ತಿದ್ದ ಹಾಗೆ, ಪೆನ್ನು ತರುತ್ತೇನೆಂದು ಹೇಳಿ ಎದುರಿನ ಫುಟ್‌ಪಾತಿಗೆ ಹೋಗಿ ಮರದ ಮರೆಯಲ್ಲಿ ನಿಂತೆ. ಅಧ್ಯಕ್ಷರ ಜಗುಲಿಯ ಕುರ್ಚಿ ಅದೃಷ್ಟಕ್ಕೆ ಖಾಲಿ. ಅಣ್ಣ-ಅತ್ತಿಗೆಯ ರೂಮಿನಲ್ಲಿ ದೀಪ ಹತ್ತಿತು. ಪರದೆ ಮಾಯ. ಅಲಮಾರಿಯ ಹಿಡಿಕೆ ಕೂಡ ಕಾಣುತ್ತಿತ್ತು.

ಅತ್ತಿಗೆ ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದಳು. ಅಣ್ಣ ಬಂದ. ನಾನು ಮೇಜಿನ ಮೇಲೆ ಬಿಟ್ಟುಬಂದಿದ್ದ ಬೂದು ಶಾಲು ತೆಗೆದು ತಲೆಗೆ ಸುತ್ತಿಕೊಂಡ. ಭುಜ ಕುಗ್ಗಿಸಿದ. ಒಂದು ಪುಸ್ತಕ ತೆಗೆದು ಮೂಗಿಗೆ ಒತ್ತಿ, ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಮೇಜಿಗೆ ಡಿಕ್ಕಿ ಹೊಡೆದು, ಮೇಜಿಗೇ ಕೈಮುಗಿದು ಕ್ಷಮೆ ಕೇಳಿದ. ಹಲ್ಲಿನಲ್ಲಿ ಪುಟದ ಅಂಚು ಕಡಿದ.

ದನಿ ಕೇಳಿಸುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಒಳ್ಳೆಯ ನಟ. ನಾನು ಹಾಗೆಯೇ ನಡೆಯುವುದು.

ಅತ್ತಿಗೆ ನಗಲಿಲ್ಲ. ಎದ್ದು ಬಂದು ಅವನ ತಲೆಯಿಂದ ಶಾಲು ಎಳೆದುಕೊಂಡಳು. ಏನೋ ಅಂದಳು, ಚುಟುಕಾಗಿ. ಶಾಲನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ಕೈಯಿಟ್ಟುಕೊಂಡು ಕೂತಳು.

ಪೆನ್ನು ಮರೆತು ಬಂದೆ.

ಮಾರ್ಚ್ 20

ಬರೆಯಲು ಆಗಿರಲಿಲ್ಲ.

ಇವತ್ತು ಅತ್ತಿಗೆ ಎರಡು ಲೋಟ ಟೀ ಹಿಡಿದು ಅಕ್ವೇರಿಯಂಗೆ ಬಂದಳು. ಕಂಕುಳಲ್ಲಿ ಶಾಲು. “ತಗೋ, ಒಗೆದಿದೀನಿ.” ಸುತ್ತ ನೋಡಿದಳು. “ಅಲ್ಲ ಕಣೇ, ಗಾಳಿ ಬೆಳಕು ಬೇಕು ಅಂತ ಹಟ ಹಿಡಿದು ಈ ಕಡೆ ಬಂದು, ಈಗ ಎಲ್ಲಾ ಕಡೆ ಪೇಪರ್ ಅಂಟಿಸ್ಕೊಂಡಿದೀಯಲ್ಲ. ಏನು ಕಥೆ ನಿಂದು?”

“ಯಾರು ಹಟ ಹಿಡಿದಿದ್ದು?”

“ನೀನು. ರೂಮು ನೀವೇ ಇಟ್ಕೊಳ್ಳಿ, ನನಗೆ ಬಾಲ್ಕನಿ ಬೇಕು ಅಂದ್ಯಂತೆ. ಪಾಪ, ಮನಸಿನಿಂದ ಹೇಳ್ತಿದಾಳಾ ಕೇಳ್ರೀ ಅಂದೆ. ‘ಕವಿಗಳು, ಆಕಾಶ ಬೇಕಂತೆ’ ಅಂದ್ರು ನಿಮ್ಮಣ್ಣ.”

“ನೀವು ಉಸಿರು ಕಟ್ಟುತ್ತೆ ಅಂದ್ರಂತೆ.”

“ನಾನಾ?”

ಅಣ್ಣ ನನಗೆ ಅವಳ ಹೆಸರು ಹೇಳಿದ್ದ. ಅವಳಿಗೆ ನನ್ನ ಹೆಸರು. ನಡುವೆ ಅವನಿಗೆ ಆಫೀಸ್ ಒಂದು ಲಾಭ.

“ಬಾಲ್ಕನಿಗೆ ಕರ್ಟನ್ ಬೇಡ ಅಂದವರೂ ನೀವಲ್ಲ ಹಾಗಾದ್ರೆ” ಅಂದೆ.

“ನಿನಗೇ ಬೇಡ ಅಂತ ಕೇಳಿದ್ದೆ ನಾನು.” ಆಮೇಲೆ ದನಿ ಇಳಿಸಿದಳು. “ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಪರದೆ ದೀಪ ಹಾಕಿದ್ರೆ ಎಲ್ಲಾ ಕಾಣುತ್ತೆ. ಮೊನ್ನೆ ಅಧ್ಯಕ್ಷರ ಹೆಂಡತಿ ‘ನಿಮ್ಮ ಮಂಚ ತೇಗದ್ದಾ?’ ಅಂತ ಕೇಳಿದ್ರು. ಆವತ್ತಿಂದ ಬಾತ್‌ರೂಮಲ್ಲೇ ಬಟ್ಟೆ ಬದಲಾಯಿಸ್ತಿದೀನಿ. ನೀನು ಅಷ್ಟು ಆಸೆಯಿಂದ ಆರಿಸಿದ್ದೆ, ಹೇಗೆ ಹೇಳೋದು ಅಂತ... ನಿಮ್ಮಣ್ಣಂಗೂ ಹೇಳಿಲ್ಲ. ನಿನ್ನ ಮೇಲೆ ರೇಗ್ತಾರೆ.”

ಟೀ ಲೋಟ ಕೆಳಗಿಟ್ಟೆ.

“ಲೈನಿಂಗ್ ಹಾಕಿಸ್ಕೊಂಡು ಬರ್ತೀನಿ ಅತ್ತಿಗೆ.”

“ಹಾಕಿಸು. ಹೇಗೆ ಬೇಕೋ ಹಾಗೆ. ಬಟ್ಟೆ ವಿಷಯ ನಿನಗೇ ಬಿಟ್ಟಿದ್ದು.”

ಮಾರ್ಚ್ 21, ಸಂಜೆ

ಒಂದು ಅವಕಾಶ ಕೊಟ್ಟೆ ಅಣ್ಣನಿಗೆ. ನ್ಯಾಯವಾಗಿ.

ಅವನು ನನ್ನ ಕನ್ನಡಿಯ ಮುಂದೆ ಮೀಸೆ ಕತ್ತರಿಸುತ್ತಿದ್ದ. ಬಾಗಿಲಲ್ಲೇ ನಿಂತು, “ಅಣ್ಣ, ಪರೀಕ್ಷೆ ಮುಗಿಯೋವರೆಗಾದ್ರೂ ಒಳಕೋಣೆ ಕೊಡ್ತೀಯಾ?” ಅಂದೆ. ಇಡೀ ವಾಕ್ಯ. ಒಂದೇ ಉಸಿರಿಗೆ.

ಕತ್ತರಿ ನಿಲ್ಲಲಿಲ್ಲ. “ನಾನು ಕೊಡ್ತಿದ್ದೆ ಕಣೇ. ನಿಮ್ಮತ್ತಿಗೆ ಒಪ್ಪಬೇಕಲ್ಲ. ಗೊತ್ತಲ್ಲ ಅವಳ ಸ್ವಭಾವ. ಹೊಂದ್ಕೊ ಸ್ವಲ್ಪ.”

“ಹೂಂ” ಅಂದೆ.

ನಾನು ತಿರುಗುವ ಮೊದಲೇ ಅವನು ಕನ್ನಡಿಗೆ ಬೆರಳೆತ್ತಿ, ಎಡಗಾಲು ಎಳೆಯುತ್ತಾ, “ವಿಷಯ ಏನಂದ್ರೆ...” ಶುರು ಮಾಡಿದ್ದ. ಇತ್ತೀಚೆಗೆ ದಿನಾ ಸಂಜೆ ಇದೇ. ಸಭೆ ಹತ್ತಿರ ಬಂದಷ್ಟೂ ಹುರುಪು. ಹೊರಗೆ ಇನ್ನೂ ಬೆಳಕಿತ್ತು. ದೀಪ ಹಾಕಿರಲಿಲ್ಲ, ಹೊರಗಿನವರಿಗೆ ಏನೂ ಕಾಣದು.

ಎದುರಿನ ಜಗುಲಿಯಲ್ಲಿ ಅಧ್ಯಕ್ಷರು, ಊರುಗೋಲು ಪಕ್ಕಕ್ಕಿಟ್ಟು, ನಮ್ಮ ಕಡೆಗೇ ಮುಖ ಮಾಡಿ ಕೂತಿದ್ದರು.

ಮಾರ್ಚ್ 22, ಬೆಳಿಗ್ಗೆ

ಪರದೆ ಬಿಚ್ಚಿ ಮಡಚಿಟ್ಟುಕೊಂಡಿದ್ದೇನೆ. ಅಂಗಡಿ ತೆರೆಯಲು ಹೊತ್ತಿದೆ. ಅಂಗಡಿಯವಳು ಸಂಜೆಯೊಳಗೆ ಹೊಲಿದು ಕೊಡುತ್ತಾಳಂತೆ.

ಎರಡು ತುಂಡು ಲೈನಿಂಗ್ ತೆಗೆದುಕೊಳ್ಳುತ್ತೇನೆ. ಒಳ್ಳೆಯ ದಪ್ಪ ಬಟ್ಟೆ. ಒಂದು ಅತ್ತಿಗೆಯ ಮಂಚದ ಕಡೆಗೆ. ಇನ್ನೊಂದು ನನ್ನ ಗಾಜಿಗೆ, ಈ ಪೇಪರು ಕಿತ್ತು.

ಕನ್ನಡಿಯ ಕಡೆಯ ಪರದೆ ಹೇಗಿದೆಯೋ ಹಾಗೆ — ದೀಪ ಹಾಕಿದ ಮೇಲೆ ಅಣ್ಣನ ‘ವಿಷಯ ಏನಂದ್ರೆ’ ಎದುರಿನ ಜಗುಲಿಗೂ ಕಾಣಲಿ.