ಅಮ್ಮ, ಬೀದಿಗೆಲ್ಲ ಫೋನ್ ಮಾಡಬೇಡ

ಫ್ರೆಸ್ನೊ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ, ನಿನ್ನ ಮೇಲೆ ಸಿಟ್ಟಾಗಿರುವ ಮಗಳು ಮಿರೆಯಾ ಮಾಡುವ ನಮಸ್ಕಾರ.

ಅಜ್ಜಿಯ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆಯೇ? ಗೋಡೆ ಹಿಡಿದಾದರೂ ನಡೆಯುತ್ತಾಳೆಯೇ? ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಕೂತೆ, ಪೆನ್ನು ಮುಂದೆ ಹೋಗಲಿಲ್ಲ. ಫೋನಿನಲ್ಲಂತೂ ಈ ವಿಷಯ ಹೇಳುವ ಹಾಗೇ ಇಲ್ಲ. ನಾನು ಅರ್ಧ ಹೇಳುವಷ್ಟರಲ್ಲಿ ನೀನು ಅಳುತ್ತೀಯ, ಆಮೇಲೆ ನಾನೇ ನಿನ್ನನ್ನು ಸಮಾಧಾನ ಮಾಡಬೇಕು. ಚಾಬೆಲಾ ಅತ್ತೆ ನಾಳೆ ಊರಿಗೆ, ಸಮೋರಾಕ್ಕೆ ಹೊರಟಿದ್ದಾಳೆ, ಅವಳ ಕೈಲಿ ಈ ಕಾಗದ ಕಳಿಸುತ್ತೇನೆ. ಪೂರ್ತಿ ಓದು. ಮಧ್ಯದಲ್ಲಿ ಎದ್ದು ದೇವಮಾತೆಯ ಪಟದ ಮುಂದೆ ಹೋಗಿ ಕೂರಬೇಡ.

ಅಮ್ಮ, ಅಜ್ಜಿಯನ್ನು ನೋಡಿಕೊಳ್ಳಲು ಊರಿಗೆ ಹೋದವಳು ಅಲ್ಲಿಂದ ನಮ್ಮ ಬೀದಿಗೆಲ್ಲ ಫೋನ್ ಮಾಡಿದ್ದು ಯಾಕೆ?

ಫಿತೊ ಅಣ್ಣನಿಗೆ ಈಗಿನ ಆಸ್ಪತ್ರೆಯ ಸಲಹೆಗಾರ್ತಿ ಸೆಲ್ವಿನಾ ಅವರು ಮಾಡಲು ಕೊಟ್ಟ ಅಭ್ಯಾಸ ಏನೆಂದು ನಿನಗೆ ಚೆನ್ನಾಗಿ ಗೊತ್ತಿತ್ತು. ನೀನೂ ಪಕ್ಕದಲ್ಲೇ ಕೂತಿದ್ದೆ. ಇಡೀ ಬೀದಿ ತನ್ನ ಬಗ್ಗೆ ಮಾತಾಡುತ್ತದೆ, ತನ್ನನ್ನು ಪೊಲೀಸರಿಗೆ ಹಿಡಿದುಕೊಡಲು ನೋಡುತ್ತಿದೆ ಎಂದು ಅಣ್ಣ ಎಷ್ಟು ವರ್ಷದಿಂದ ಹೇಳುತ್ತಿದ್ದಾನೆ? ಅದು ನಿಜವೋ ಸುಳ್ಳೋ ಅವನೇ ನೋಡಿಕೊಂಡು ಬರಲಿ ಎಂದಲ್ಲವೇ ಅವರು ಹೇಳಿದ್ದು? ಒಬ್ಬನೇ ಬೇಕರಿಗೆ ಹೋಗಬೇಕು, ಕ್ಷೌರದ ಅಂಗಡಿಗೆ ಹೋಗಬೇಕು. ಹೋಗುವ ಮೊದಲು ಏನಾದೀತೆಂದು ಹೆದರಿಕೆ ಎಂದು ಹೇಳಬೇಕು, ಬಂದ ಮೇಲೆ ಏನಾಯಿತು ಎಂದು ಹೇಳಬೇಕು. ಅಷ್ಟೇ.

ಮೊದಲಿನ ಆಸ್ಪತ್ರೆಯ ಕಥೆ ಮರೆತುಬಿಟ್ಟೆಯಾ? ಡಾಕ್ಟರು ಇಂಗ್ಲಿಷಿನಲ್ಲಿ ಹೇಳುವುದು, ಯಾರೋ ಫೋನಿನಲ್ಲಿ ಅದನ್ನು ನಮ್ಮ ಭಾಷೆಗೆ ತಿರುಗಿಸುವುದು, ದೊಡ್ಡವರಿಗೆ ಎದುರಾಡಬಾರದೆಂದು ನೀನೂ ಅಣ್ಣನೂ ಎಲ್ಲದಕ್ಕೂ ತಲೆ ಆಡಿಸುವುದು. ಮನೆಗೆ ಬಂದ ಮೇಲೆ ಮಾತ್ರೆ ಕಸದ ಬುಟ್ಟಿಗೆ. ಸೆಲ್ವಿನಾ ಅವರು ಹಾಗಲ್ಲ. ನಾವು ಮನೆಮಂದಿಯೆಲ್ಲ ಗುಂಪಾಗಿ ಹೋದರೆ ಇನ್ನೆರಡು ಕುರ್ಚಿ ತರಿಸಿದರು. ನೀನು ಮೊಟ್ಟೆಯಿಂದ ಅಣ್ಣನಿಗೆ ದೃಷ್ಟಿ ತೆಗೆಯುತ್ತೀಯ ಎಂದು ತಿಳಿದಾಗ ನಗಲಿಲ್ಲ. "ಮೊಟ್ಟೇನೂ ಇರ್ಲಿ, ಮಾತ್ರೇನೂ ಇರ್ಲಿ. ಎರಡೂ ಜಗಳ ಆಡಲ್ಲ" ಅಂದರು. ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು ನೀನು ಇವತ್ತಿಗೂ ಬಾಯಲ್ಲಿ ತೆಗೆಯುವುದಿಲ್ಲ, ನರದ ತೊಂದರೆ ಅನ್ನುತ್ತೀಯ. ಅವರು ಅದಕ್ಕೂ ಸರಿ ಅಂದರು. ಅಂಥವರ ಕೆಲಸಕ್ಕೆ ನೀನು ಹೀಗೆ ತಣ್ಣೀರು ಎರಚುವುದೇ?

ಮೊದಮೊದಲು ಎಲ್ಲ ಸರಿಯಿತ್ತು. ಅಣ್ಣ ಹೋಗುತ್ತಿದ್ದ, ಬರುತ್ತಿದ್ದ. "ಮಿರೆಯಾ, ಇವತ್ತೂ ಏನೂ ಆಗ್ಲಿಲ್ಲ ಕಣೆ. ಎಲ್ರೂ ನಕ್ರು" ಅನ್ನುತ್ತಿದ್ದ. ನಾನು ಒಣದ್ರಾಕ್ಷಿ ಪ್ಯಾಕ್ ಮಾಡುವ ಕೆಲಸದಿಂದ ಬರುವಷ್ಟರಲ್ಲಿ ಮೇಜಿನ ಮೇಲೆ ಸಿಹಿ ಬ್ರೆಡ್ಡು ಇರುತ್ತಿತ್ತು. ಅದನ್ನು ನೋಡಿ ನನಗೆ ಎಷ್ಟು ಸಂತೋಷವಾಗುತ್ತಿತ್ತು ಗೊತ್ತಾ?

ಆಮೇಲೆ ಒಂದು ದಿನ ಬೇಕರಿಯ ಮೆಲ್ಚೋರ್ ಮಾಮ ಬಾಯಿಬಿಟ್ಟ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? "ನಿಮ್ಮಮ್ಮನಿಗೆ ಹೇಳಪ್ಪ, ನಾನು ಸರಿಯಾಗೇ ಮಾತಾಡಿಸ್ದೆ ಅಂತ. ದಿನಾ ಫೋನ್ ಮಾಡಿ ನನ್ ಜೀವ ತಿಂತಾರೆ" ಅಂದನಂತೆ. ಅಣ್ಣ ಬ್ರೆಡ್ಡನ್ನು ಅಲ್ಲೇ ಬಿಟ್ಟು ಮನೆಗೆ ಬಂದ. ಪರದೆಗಳನ್ನೆಲ್ಲ ಎಳೆದ. "ನಾನ್ ಹೇಳಿರ್ಲಿಲ್ವಾ? ಇಡೀ ಬೀದಿ ಸೇರ್ಕೊಂಡಿದೆ ಅಂತ ಹೇಳಿರ್ಲಿಲ್ವಾ?" ಅಂದ. ನಿಜವಾಗಿಯೂ ಸೇರಿಕೊಂಡಿತ್ತಲ್ಲ ಅಮ್ಮ! ಕಾಯಿಲೆ ಹೇಳುತ್ತಿದ್ದ ಸುಳ್ಳನ್ನು ನೀನು ಕೂತಲ್ಲಿಂದಲೇ ನಿಜ ಮಾಡಿಬಿಟ್ಟೆ.

ಅಣ್ಣ ಸ್ನಾನಕ್ಕೆ ಹೋಗಿದ್ದಾನೆ, ಮಲಗಿದ್ದಾನೆ ಎಂದು ನಾನು ನಿನಗೆ ಹೇಳುತ್ತಿದ್ದೆನಲ್ಲ, ಅದೆಲ್ಲ ಸುಳ್ಳು. ಅವನು ಕೋಣೆಯ ಬಾಗಿಲು ಹಾಕಿಕೊಂಡು ಒಳಗೇ ಇದ್ದ. ಮಾತ್ರೆ ನಿಲ್ಲಿಸಿದ್ದ. ನಾನು ಇಟ್ಟ ಊಟವನ್ನು ಮೂಸಿ ನೋಡಿ ಹಾಗೇ ಬಿಡುತ್ತಿದ್ದ. ಯಾಕೆಂದರೆ ನಾನೂ ನಿನ್ನ ಮಗಳೇ ಅಲ್ಲವೇ?

ಒಂದು ನಿಮಿಷ. ಎದ್ದು ಕಿಟಕಿಯಲ್ಲಿ ನೋಡಿ ಬಂದೆ. ಯಾರೂ ಇಲ್ಲ. ಒಲೆಯ ಮೇಲಿದ್ದ ಬೀನ್ಸ್ ಕಾಳು ತಳ ಹತ್ತಿತ್ತು, ಅದನ್ನು ಇಳಿಸಿದೆ. ಅಣ್ಣ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿಕೊಂಡು ಬಂದವನು ಎಲ್ಲಿಗೆ ಎಂದು ಹೇಳದೆ ಹೊರಗೆ ಹೋಗಿದ್ದಾನೆ. ಅದಕ್ಕೇ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ.

ಸೆಲ್ವಿನಾ ಅವರು ಮನೆಗೇ ಬಂದರು. ಅಣ್ಣ ಬಾಗಿಲು ತೆಗೆಯಲಿಲ್ಲ. ಅವರು ಹೊರಗೆ ನೆಲದ ಮೇಲೆ ಕೂತರು, ನಾನು ಪಕ್ಕದಲ್ಲಿ. ಒಳಗಿನಿಂದಲೇ ಅವನು ಕೇಳಿದ, "ಒಂದೇ ಮಾತಲ್ಲಿ ಹೇಳಿ. ಬೀದಿಯೋರು ನನ್ ಬಗ್ಗೆ ಮಾತಾಡ್ತಿದ್ರೋ ಇಲ್ವೋ?" ಇಲ್ಲ ಅನ್ನಿ, ದಮ್ಮಯ್ಯ ಇಲ್ಲ ಅನ್ನಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವರು ನನ್ನ ಕಡೆ ನೋಡಲೇ ಇಲ್ಲ. "ಮಾತಾಡ್ತಿದ್ರು ಫಿತೊ. ಈ ಸಲ ನೀವು ಹೇಳಿದ್ದೇ ಸರಿ" ಅಂದರು.

ಇನ್ನು ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅವನಿಗೆ ನಾವು ಯಾರಾದರೂ ಎಂದಾದರೂ "ನೀನು ಹೇಳಿದ್ದು ಸರಿ" ಎಂದು ಹೇಳಿದ್ದೇವೆಯೇ?

"ಮಾತಾಡಿದ್ದಂತೂ ನಿಜ. ಆದ್ರೆ ಏನು ಮಾತಾಡಿದ್ರು ಅಂತ ಕೇಳ್ಬೇಡ್ವಾ?" ಅಂದರು ಸೆಲ್ವಿನಾ. ಅವರು ಮತ್ತೆ ಮತ್ತೆ ಬಂದ ಮೇಲೆ ಅಣ್ಣ ಮಾತ್ರೆ ಶುರು ಮಾಡಿದ. ಕಳೆದ ವಾರ ಕೇಳಲೂ ಹೊರಟ. ಮೆಲ್ಚೋರ್ ಮಾಮ ಕಿವಿ ಕೆಂಪು ಮಾಡಿಕೊಂಡು, "ಬಿಸಿ ಬ್ರೆಡ್ಡೇ ಕೊಡು, ಮದುವೆ ವಿಷ್ಯ ಎತ್ಬೇಡ ಅಂದ್ರು ಕಣಪ್ಪ, ಇನ್ನೇನಿಲ್ಲ" ಅಂದ. ಕ್ಷೌರದ ಲಾಲೊ, "ಟೀವಿ ಆರಿಸು, ಕತ್ತಿನ ಹತ್ರ ಕತ್ತಿ ತರ್ಬೇಡ ಅಂದ್ರು. ಅದಕ್ಕೇ ನಿನ್ ಕತ್ತಿನ ಹಿಂದೆ ಕ್ಷೌರ ಇಷ್ಟು ಗಲೀಜಾಗಿರೋದು!" ಅಂದನಂತೆ.

ಹಿಡಿದುಕೊಡುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ನನಗೆ ಕುಣಿಯುವಂತಾಯಿತು. ಅಣ್ಣನಿಗೆ ಆಗಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಅಂದ, "ಹಿಡಿದುಕೊಡೋಕಲ್ಲ, ಸರಿ. ಆದ್ರೆ ನನ್ನ ನೋಡಿ ನಕ್ಕೋರೆಲ್ಲ ಅಮ್ಮ ಹೇಳಿದ್ದಕ್ಕೇ ನಕ್ಕಿದ್ದು. ನನಗೋಸ್ಕರ ಒಬ್ರೂ ನಕ್ಕಿಲ್ಲ, ಅಲ್ವಾ?" ಅಮ್ಮ, ಅವನ ಭಯಕ್ಕೆ ಮಾತ್ರೆ ಇದೆ, ಸೆಲ್ವಿನಾ ಇದ್ದಾರೆ. ಈ ದುಃಖಕ್ಕೆ ಏನು ಮಾಡಲಿ? ನಾನು ತಟ್ಟೆ ತೊಳೆಯುವ ನೆಪದಲ್ಲಿ ಎದ್ದುಬಿಟ್ಟೆ.

ನೀನು ಪ್ರೀತಿಯಿಂದಲೇ ಮಾಡಿದ್ದು, ನನಗೆ ಗೊತ್ತು. ನಿನ್ನ ಜಾಗದಲ್ಲಿದ್ದರೆ ನಾನೂ ಇದನ್ನೇ ಮಾಡುತ್ತಿದ್ದೆನೋ ಏನೋ. ಈಗಲೇ ನೋಡು, ಮೆಲ್ಚೋರ್ ಮಾಮನಿಗೆ ಫೋನ್ ಮಾಡಿ ಅಣ್ಣ ಆ ಕಡೆ ಬಂದನೇ ಎಂದು ಕೇಳಲು ಕೈ ತುರಿಸುತ್ತಿದೆ. ಅದಕ್ಕೇ ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಬಂದಿದ್ದೇನೆ. ನೀನೂ ನಿನ್ನ ಫೋನನ್ನು ಅಜ್ಜಿಯ ದಿಂಬಿನ ಕೆಳಗೆ ಇಡು. ಇನ್ನು ಮೇಲೆ ಅಣ್ಣನ ವಿಷಯ ಅಣ್ಣನನ್ನೇ ಕೇಳು. ಅವನು ಹೇಳಿದರೆ ಹೇಳುತ್ತಾನೆ, ಇಲ್ಲದಿದ್ದರೆ ಇಲ್ಲ.

ಅಜ್ಜಿಯ ಕಾಲು ನನ್ನ ಪರವಾಗಿ ಒತ್ತು. ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ನಿನ್ನನ್ನು ನೋಡಬೇಕೆಂಬ ಆಸೆ ಅದಕ್ಕಿಂತ ಹೆಚ್ಚಿದೆ.

ನಿನ್ನ ಮಗಳು,
ಮಿರೆಯಾ

ಮರೆತ ಮಾತು: ಕಾಗದ ಮಡಿಸುತ್ತಿದ್ದೆ, ಅಣ್ಣ ಬಂದ. ಕೈಯಲ್ಲಿ ಬಿಸಿ ಟೋರ್ಟಿಯಾ ರೊಟ್ಟಿಯ ಪೊಟ್ಟಣ. ಹೋಗಿದ್ದು ಎಲ್ಲಿಗೆ ಗೊತ್ತಾ? ಮೂಲೆಯ ಮೆಕ್ಕೆಜೋಳದ ಹಿಟ್ಟಿನ ಗಿರಣಿಯ ತೊಮಾಸಾ ಹತ್ತಿರ, ನಿನ್ನ ಪರಮ ವೈರಿ! ಅಮ್ಮ ನಿಮಗೇನು ಹೇಳಿದ್ದಳು ಎಂದು ಅವಳನ್ನೂ ಕೇಳಿದನಂತೆ. "ನಿಮ್ಮಮ್ಮನಾ? ನನ್ ನೆರಳು ಕಂಡ್ರೆ ಆ ಕಡೆ ಫುಟ್‌ಪಾತಿಗೆ ಹೋಗೋಳು ನನಗ್ಯಾಕೆ ಫೋನ್ ಮಾಡ್ತಾಳೆ?" ಅಂದಳಂತೆ. "ಮತ್ತೆ ಹೋದಾಗಲೆಲ್ಲ ಕೈಗೊಂದು ಬಿಸಿ ಟೋರ್ಟಿಯಾ ಯಾಕೆ ಕೊಡ್ತಿದ್ರಿ?" ಅಂದನಂತೆ ಇವನು. "ಈ ಸಾಲಲ್ಲಿ ತಳ್ಳಾಡ್ದೆ ನಿಲ್ಲೋನು ನೀನೊಬ್ನೇ ಕಣೋ. ನಿನ್ನ ಕಂಡ್ರೆ ನಂಗಿಷ್ಟ." ಇದನ್ನು ಅಣ್ಣ ಅಡುಗೆಮನೆಯಲ್ಲಿ ನಿಂತುಕೊಂಡೇ ನನಗೆ ಮತ್ತೆ ಮತ್ತೆ ಹೇಳಿದ. ಈಗ ನಿನಗೊಂದು ಮಾತು ಬರೆ ಅನ್ನುತ್ತಿದ್ದಾನೆ: "ಅಮ್ಮ, ನೀನು ವಾಪಸ್ ಬಂದ್ಮೇಲೆ ಯಾರ್ ಜೊತೆ ಬೇಕಾದ್ರೂ ಮಾತಾಡು. ತೊಮಾಸಾ ಜೊತೆ ಮಾತ್ರ ರಾಜಿ ಆಗ್ಬೇಡ."