ಬಳೆಗಾರರ ಓಣಿಯ ಹಳ್ಳ ಎಲ್ಲಿ ತಿರುಗುತ್ತಿತ್ತು?

ಗೋಡೆ ಒಡೆದ ಹತ್ತೊಂಬತ್ತನೆಯ ವರ್ಷ, ಎರಡನೆಯ ಮಳೆತಿಂಗಳ ನಲವತ್ತೊಂದನೆಯ ದಿನ.

ಬಳೆಗಾರರ ಓಣಿಯ ಹಿರಿಯರಿಗೆ ಹಾಲಮ್ಮ ಮಾಡುವ ನಮಸ್ಕಾರ. ನಾನು ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದವಳು. ಮಳೆ ಬಿಡುವವರೆಗೂ ನಮ್ಮ ತಿಂಗಳು ಮುಗಿಯುವುದಿಲ್ಲ, ತಾರೀಕು ನೋಡಿ ನಗಬೇಡಿ. ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ತಿದ್ದಿ ಬರೆಯುವಷ್ಟು ತ್ರಾಣ ನನಗಿಲ್ಲ.

ನಾನು ಈ ಓಣಿಯ ಹಳ್ಳಗಾತಿ, ಅಂದರೆ ಹಳ್ಳದ ದಡ ಕಾಯುವವಳು. ನೀವು ಹಳ್ಳವನ್ನು ಕಾಂಕ್ರೀಟಿನ ಎರಡು ಗೋಡೆಗಳ ನಡುವೆ ನೆಟ್ಟಗೆ ಓಡಿಸಿದಿರಿ. ಮಳೆ ಜೋರಾದಂತೆಲ್ಲ ನೀರು ಗೋಡೆಯ ಬುಡವನ್ನೇ ಕೊರೆಯಿತು. ಕೊನೆಗೆ ಓಣಿಯವರೆಲ್ಲ ಸೇರಿ ಗೋಡೆ ಒಡೆದೆವು. ಈಗ ತೆಂಗಿನ ನಾರನ್ನು ತೊಡೆಯಷ್ಟು ದಪ್ಪಕ್ಕೆ ಸುತ್ತಿ ದಡದ ಬುಡಕ್ಕೆ ಮಲಗಿಸುತ್ತೇವೆ. ಅದನ್ನು ನಾರುದಿಂಡು ಎನ್ನುತ್ತೇವೆ. ಅದರ ಹಿಂದೆ ಲಕ್ಕಿ ಗಿಡದ ಹಸಿ ಗೂಟಗಳನ್ನು ಬಡಿಯುತ್ತೇವೆ. ಅವು ಚಿಗುರಿ, ಬೇರು ಬಿಟ್ಟು ಮಣ್ಣು ಹಿಡಿಯುತ್ತವೆ. ಮೇಲೆ ಲಾವಂಚದ ಹುಲ್ಲು. ಮನೆಗೊಬ್ಬರಂತೆ ವಾರಕ್ಕೊಂದು ಬೆಳಗ್ಗೆ ಕೆಸರಿಗೆ ಇಳಿಯಬೇಕು. ಓಣಿಗೆ ಬಂದ ಸೊಸೆಯಾಗಲಿ ಅಳಿಯನಾಗಲಿ ಒಂದು ಗೂಟ ಬಡಿಯದೆ ಹೊಸಿಲು ದಾಟುವಂತಿಲ್ಲ. ಅದು ಚಿಗುರದಿದ್ದರೆ ಓಣಿಯೆಲ್ಲ ಆಡಿಕೊಳ್ಳುತ್ತದೆ. ನನ್ನ ಗಂಡನದು ಇವತ್ತಿಗೂ ಚಿಗುರಿಲ್ಲ.

ಎಲ್ಲ ಕಡೆ ದಡ ನಿಂತಿದೆ, ನನ್ನ ತಂಗಿ ದುಗ್ಗಮ್ಮನ ಮನೆಯ ಹಿಂದೆ ಮಾತ್ರ ನಿಲ್ಲುವುದಿಲ್ಲ. ಐದು ಸಲ ಕಟ್ಟಿದೆವು, ಐದು ಸಲವೂ ಹಳ್ಳ ನುಂಗಿತು. ಹಿತ್ತಿಲು ಹೋಯಿತು, ಬಚ್ಚಲು ಹೋಯಿತು, ಈ ಸಲ ಅಡುಗೆಮನೆಯ ಗೋಡೆ ಸೀಳಿದೆ. “ಇನ್ನೆಷ್ಟು ನಾರು ಸುತ್ತಾಣ ಅಕ್ಕಾ, ಸಾಕು ಬಿಡು,” ಎನ್ನುತ್ತಾಳೆ. ಅವಳ ಮುಖ ನೋಡಲು ನನಗೆ ನಾಚಿಕೆ. ತಪ್ಪು ನನ್ನದು.

ಗೋಡೆ ಒಡೆದಾಗ ನಮ್ಮ ಕೈಯಲ್ಲಿದ್ದದ್ದು ನಿಮ್ಮ ಕಾಲದ ನಕ್ಷೆಯೊಂದೇ. ಅದರಲ್ಲಿ ಹಳ್ಳ ನೆಟ್ಟಗಿತ್ತು. ನಾನು ಆ ಗೆರೆಯ ಮೇಲೇ ಗೂಟ ಹೊಡೆಸುತ್ತಿದ್ದೆ. ತೊಂಬತ್ತು ದಾಟಿದ ಪುಟ್ಟೀರಜ್ಜಿ ಕೋಲೂರಿಕೊಂಡು ಬಂದಳು. “ಅಲ್ಲ ಕಣೇ, ನೀರು ಹಿಂಗೆ ಹೋಗ್ತಿರ್ಲಿಲ್ಲ. ಹುಣಸೇಮರ ಬಳಸ್ಕಂಡು ತಿರುಗ್ತಿತ್ತಂತೆ. ನಾನು ಸಣ್ಣೋಳಿದ್ದಾಗ ನಮ್ಮಜ್ಜಿ ಆ ಜಾಗ ತೋರ್ಸಿದ್ಲು. ಬಾ, ತೋರಿಸ್ತೀನಿ,” ಎಂದಳು. ನಾನು ಭಾರೀ ಓದಿದವಳಲ್ಲವೇ! “ನಕ್ಷೇಲಿ ಇಲ್ಲ ಕಣಜ್ಜಿ. ಬಿಸ್ಲಾಗೆ ನಿಲ್ಬೇಡ, ಮನೆಗೋಗು,” ಎಂದು ಕಳಿಸಿಬಿಟ್ಟೆ. ಆ ಚಳಿಗಾಲದಲ್ಲೇ ಅಜ್ಜಿ ತೀರಿಕೊಂಡಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಳ್ಳ ತನ್ನ ಹಳೆಯ ತಿರುವನ್ನು ಹುಡುಕುತ್ತಿದೆ, ನಾವು ಅಡ್ಡ ನಿಂತಿದ್ದೇವೆ. ತಿರುವು ಎಲ್ಲಿತ್ತೆಂದು ಗೊತ್ತಾದರೆ ಅಲ್ಲಿಯೇ ದಾರಿ ಬಿಡಬಹುದು. ಆರು ಕಡೆ ಅಗೆದೆವು. ಹುಣಸೆ ಬೇರಿನ ಒಂದು ತುಂಡೂ ಸಿಗಲಿಲ್ಲ.

ಮಳೆ ನಿಂತೊಡನೆ ದುಗ್ಗಮ್ಮನ ಮನೆಯ ಹಿಂದೆ ಮತ್ತೆ ಗೋಡೆ ಎಬ್ಬಿಸಬೇಕೆಂದು ಓಣಿಯ ಸಭೆ ತೀರ್ಮಾನಿಸಿದೆ. ಗೋಡೆ ಬಂದರೆ ನೀರು ಎದುರು ದಡದ ಮನೆಗಳಿಗೆ ನುಗ್ಗುತ್ತದೆ. ಅದು ಗೊತ್ತಿದ್ದೂ ನಾನು ಒಪ್ಪಿಗೆಯೆಂದು ಕೈ ಎತ್ತಿದೆ. ಏನು ಮಾಡಲಿ? ನನ್ನ ತಂಗಿ ಎಲ್ಲಿಗೆ ಹೋಗಬೇಕು?

ನಿಮ್ಮ ಕಾಲದಲ್ಲಿ ಆ ಮರ ಇನ್ನೂ ಇರಬಹುದು. ಇಲ್ಲವಾದರೆ ಅದನ್ನು ಕಂಡ ಮುದುಕಿಯೊಬ್ಬಳು ಯಾವುದೋ ಜಗಲಿಯ ಮೇಲೆ ಕೂತಿರಬಹುದು. ದಯವಿಟ್ಟು ಕೇಳಿ. ಅವಳು ಕರೆದರೆ ಕೈಯಲ್ಲಿರುವ ಕೆಲಸ ಬಿಟ್ಟು ಹೋಗಿ. ಅವಳು ತೋರಿಸಿದ ಕಡೆ ಒಂದು ಕಲ್ಲು ನೆಡಿ. ಆಳವಾಗಿ ನೆಡಿ, ಯಾರೂ ಕೀಳದ ಹಾಗೆ. ಬರೆದಿಟ್ಟರೆ ಸಾಲದು, ಆ ನಕ್ಷೆಯೊಂದು ಬಿಟ್ಟರೆ ನಿಮ್ಮ ಬೇರಾವ ಕಾಗದವೂ ನಮ್ಮವರೆಗೆ ಬಂದಿಲ್ಲ.

ನಾಳೆ ಬೆಳಗ್ಗೆ ನಾನು ಏಳನೆಯ ಗುಂಡಿ ತೋಡುತ್ತೇನೆ. ಗುದ್ದಲಿಗೆ ನಿಮ್ಮ ಕಲ್ಲು ತಾಗಲಿ.