ಸುಗಂಧಿಯವರ ತವರಿನ ದುಡ್ಡು

೧೪ ಮಾರ್ಚ್ ೨೦೦೬, ಮಂಗಳವಾರ

ವಾದಿರಾಜ ರಾಯರ ಮುಖ ಕಣ್ಣಿನಿಂದ ಮರೆಯಾಗುತ್ತಿಲ್ಲ. ಸಿ.ವಿ. ರಾಮನ್ ನಗರದಿಂದ ಹೆಂಡತಿ ಸುಗಂಧಿಯವರ ಜೊತೆ, ನಾನು ಜನರಿಗೆ ಹಣಕಾಸಿನ ಪ್ಲಾನ್ ಮಾಡಿಕೊಡುವ ಆಫೀಸಿಗೆ ಬಂದಿದ್ದರು. ರಾಯರಿಗೆ ಹೃದಯದ ಆಪರೇಷನ್ ಆಗಬೇಕಿದೆ. ಅದರ ಖರ್ಚಿಗೆ ಯಾವ ಖಾತೆಯಿಂದ ಮೊದಲು ಹಣ ತೆಗೆಯಬೇಕೆಂಬ ಸೂಚನೆಗಳನ್ನು ಕಂಪ್ಯೂಟರಿನಲ್ಲಿ ರಾಯರ ಪ್ಲಾನಿಗೆ ಜೋಡಿಸುತ್ತಿದ್ದೆ.

"ಇವಳ ತವರಿನ ದುಡ್ಡನ್ನ ಈ ಪಟ್ಟಿಯಿಂದಲೇ ತೆಗೆದುಬಿಡಿ, ಅದನ್ನ ಮುಟ್ಟೋದು ಬೇಡ. ನನ್ನದು ಸಾಲ್ದೇ ಹೋದ್ರೆ ಆಪರೇಷನ್ನೇ ಬೇಡ," ಎಂದರು ರಾಯರು.

ಹಾಗೇ ಮಾಡಿ, ಅದೇ ಸೂಚನೆಗಳನ್ನು ಸುಗಂಧಿಯವರ ಪ್ಲಾನಿಗೂ ಕಾಪಿ ಮಾಡಿದೆ. ಅವರು ಪರದೆಯತ್ತ ಬಾಗಿದರು.

"ನಂದನ್ನ ಎಲ್ಲಕ್ಕಿಂತ ಮೇಲೆ ಹಾಕಮ್ಮ. ಇವ್ರೇ ಇಲ್ದಿದ್ರೆ ಅದನ್ನಿಟ್ಕೊಂಡು ಏನ್ಮಾಡ್ಲಿ?"

ರಾಯರು ಬಹಳ ಹೊತ್ತು ಕನ್ನಡಕ ಒರೆಸುತ್ತಿದ್ದರು. ಆಮೇಲೆ, "ಅವಳು ಹೇಳಿದ ಹಾಗೇ ಮಾಡಿ," ಎಂದರು. ಎರಡೂ ಪ್ಲಾನಿನಲ್ಲಿ ಅದನ್ನೇ ಮೊದಲಿಗೆ ತಂದೆ.

ಪಕ್ಕದಲ್ಲಿ ನಮ್ಮವರು ನಿದ್ದೆ ಹೋಗಿದ್ದಾರೆ. ಇಂಥ ಹೊತ್ತು ಬಂದರೆ ನಾವಿಬ್ಬರೂ ಹೀಗೇ ಒಬ್ಬರಿಗಾಗಿ ಒಬ್ಬರು ಹಟ ಹಿಡಿಯುತ್ತೇವೇನೋ.